ಬರ್ನಾರ್ಡೊ ಹೌಸೇ: ಪುಟ್ಟ ಗ್ರಂಥಿಯ ದೊಡ್ಡ ಗುಟ್ಟು

ಮಕ್ಕಳೇ, ಬೆಳಿಗ್ಗೆ ಪ್ರಾರ್ಥನೆಗೆ ನೀವೆಲ್ಲ ಸಾಲಾಗಿ ನಿಲ್ಲುತ್ತೀರಲ್ಲವೇ? ವಡ್ಡು ಗ್ರಾಮದ ಶಾಲೆ ಇರಲಿ, ಕಂಪ್ಲಿಯ ಶಾಲೆ ಇರಲಿ, ಗಿಡ್ಡಗಿರುವವರು ಮುಂದೆ, ಎತ್ತರದವರು ಹಿಂದೆ. ಒಂದೇ ತರಗತಿ, ಒಂದೇ ವಯಸ್ಸು. ಆದರೂ ಎತ್ತರ ಬೇರೆ ಬೇರೆ. ಹೀಗೇಕೆ? ತಂದೆತಾಯಿಯಿಂದ ಬಂದ ಗುಣ, ಆಹಾರ, ಆರೋಗ್ಯ ಇವೆಲ್ಲವೂ ಎತ್ತರಕ್ಕೆ ಕಾರಣ. ಇವುಗಳ ಜೊತೆಗೆ ಪಿಟ್ಯುಟರಿ ಎಂಬ ಗ್ರಂಥಿಯ ಪಾಲೂ ಇದೆ. ಮಿದುಳಿನ ಕೆಳಗಿರುವ ಇದರ ಗಾತ್ರ ಒಂದು ಬಟಾಣಿ ಕಾಳಿನಷ್ಟು! ಬೆಳವಣಿಗೆಯ ಹಾರ್ಮೋನನ್ನು ಸ್ರವಿಸುವುದು ಇದೇ ಗ್ರಂಥಿ. ರಕ್ತದಲ್ಲಿರುವ ಸಕ್ಕರೆಯ ಮೇಲೂ ಇದರ ಹಿಡಿತವಿದೆ ಎಂದು ತೋರಿಸಿಕೊಟ್ಟ ವಿಜ್ಞಾನಿಯೇ ಬರ್ನಾರ್ಡೊ ಹೌಸೇ. ಅವರ ಬದುಕನ್ನು ತಿಳಿಯೋಣ ಬನ್ನಿ.

ಹೌಸೇ ಅವರು 1887ರ ಏಪ್ರಿಲ್ 10ರಂದು ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ ಬ್ಯೂನಸ್ ಐರಿಸ್ ನಗರದಲ್ಲಿ ಜನಿಸಿದರು. ತಂದೆ ವಕೀಲರು. ಬಾಲಕ ಓದಿನಲ್ಲಿ ಬಹಳ ಚುರುಕು. ನೀವು ಒಂಬತ್ತನೇ ತರಗತಿಯಲ್ಲಿ ಓದುವ ವಯಸ್ಸಿಗೆ, ಅಂದರೆ 14ಕ್ಕೇ, ಅವರು ಔಷಧಶಾಸ್ತ್ರದ ಕಾಲೇಜು ಸೇರಿದ್ದರು! ಬಳಿಕ ವೈದ್ಯಕೀಯ ಓದಿ 1911ರಲ್ಲಿ ವೈದ್ಯರಾದರು. ವಿದ್ಯಾರ್ಥಿಯಾಗಿದ್ದಾಗಲೇ ಪಿಟ್ಯುಟರಿ ಗ್ರಂಥಿ ಅವರ ಕುತೂಹಲ ಕೆರಳಿಸಿತ್ತು. 1919ರಲ್ಲಿ ಅವರು ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾದರು.

1921ರಲ್ಲಿ ಕೆನಡಾದ ವಿಜ್ಞಾನಿಗಳು ಇನ್ಸುಲಿನ್ ಕಂಡುಹಿಡಿದರು. ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗುವ ಇದು ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಇದರ ಕೊರತೆಯಾದರೆ ಮಧುಮೇಹ ಬರುತ್ತದೆ. ಹೌಸೇ ನಾಯಿಗಳ ಮೇಲೆ ಪ್ರಯೋಗ ನಡೆಸಿದರು. ಪಿಟ್ಯುಟರಿ ತೆಗೆದ ನಾಯಿಗೆ ಸ್ವಲ್ಪ ಇನ್ಸುಲಿನ್ ಕೊಟ್ಟರೂ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತಿತ್ತು. ಇನ್ನು ಮೇದೋಜೀರಕ ಗ್ರಂಥಿ ತೆಗೆದು ಮಧುಮೇಹ ಬಂದ ನೆಲಗಪ್ಪೆ, ನಾಯಿಗಳಲ್ಲಿ ಪಿಟ್ಯುಟರಿಯನ್ನೂ ತೆಗೆದಾಗ ಮಧುಮೇಹವೇ ಸೌಮ್ಯವಾಯಿತು! ಆ ಗ್ರಂಥಿಯ ಮುಂಭಾಗದ ಸಾರವನ್ನು ಚುಚ್ಚಿದಾಗ ಸಕ್ಕರೆ ಮತ್ತೆ ಏರಿತು.

ಇದರ ಅರ್ಥವೇನು? ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ಕಾಲುವೆ ನೆನಪಿಸಿಕೊಳ್ಳಿ. ತೂಬು ತೆರೆದರೆ ನೀರು ಗದ್ದೆಗೆ ಹರಿಯುತ್ತದೆ, ಕಾಲುವೆಯಲ್ಲಿ ಇಳಿಯುತ್ತದೆ. ತೂಬು ಮುಚ್ಚಿದರೆ ಕಾಲುವೆಯಲ್ಲೇ ಉಳಿಯುತ್ತದೆ. ರಕ್ತವೇ ಕಾಲುವೆ, ಸಕ್ಕರೆಯೇ ನೀರು, ಜೀವಕೋಶಗಳೇ ಗದ್ದೆ ಎಂದುಕೊಳ್ಳಿ. ಇನ್ಸುಲಿನ್ ತೂಬು ತೆರೆಯುತ್ತದೆ. ಪಿಟ್ಯುಟರಿಯ ಹಾರ್ಮೋನು ಅದನ್ನು ತುಸು ಮುಚ್ಚುತ್ತದೆ. ಇಬ್ಬರೂ ಸರಿಯಾಗಿ ಕೆಲಸ ಮಾಡಿದರಷ್ಟೇ ಸಮತೋಲನ. ಹೀಗೆ ತೂಬು ಮುಚ್ಚುವುದರಲ್ಲಿ ಬೆಳವಣಿಗೆಯ ಹಾರ್ಮೋನಿನ ಪಾತ್ರ ದೊಡ್ಡದು ಎಂದು ಮುಂದೆ ತಿಳಿಯಿತು.

ಹೌಸೇ ಅವರಿಗೆ ಕಷ್ಟವೂ ಎದುರಾಯಿತು. 1943ರಲ್ಲಿ ಅರ್ಜೆಂಟೀನಾದಲ್ಲಿ ಸೇನಾ ಸರ್ಕಾರವಿತ್ತು. ಪ್ರಜಾಪ್ರಭುತ್ವ ಬೇಕೆಂಬ ಮನವಿಗೆ ಸಹಿ ಹಾಕಿದ್ದಕ್ಕಾಗಿ ಅವರನ್ನು ಹುದ್ದೆಯಿಂದ ತೆಗೆಯಲಾಯಿತು. ಹೊರದೇಶಗಳಿಂದ ಆಹ್ವಾನ ಬಂದರೂ ಅವರು ತಾಯ್ನಾಡು ಬಿಡಲಿಲ್ಲ. ದಾನಿಗಳ ನೆರವಿನಿಂದ 1944ರಲ್ಲಿ ಶಿಷ್ಯರೊಡನೆ ಹೊಸ ಸಂಶೋಧನಾ ಸಂಸ್ಥೆ ಕಟ್ಟಿ ಕೆಲಸ ಮುಂದುವರಿಸಿದರು. 1947ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ವಿಜ್ಞಾನದಲ್ಲಿ ಈ ಪ್ರಶಸ್ತಿ ಪಡೆದ ಲ್ಯಾಟಿನ್ ಅಮೆರಿಕದ ಮೊದಲಿಗರು ಅವರೇ. ಅವರ ಶಿಷ್ಯ ಲೂಯಿ ಲೆಲಾಯಿರ್ ಅವರೂ 1970ರಲ್ಲಿ ನೊಬೆಲ್ ಪಡೆದರು. ಹೌಸೇ 1971ರ ಸೆಪ್ಟೆಂಬರ್ 21ರಂದು ನಿಧನರಾದರು.

ಅವರ ಶೋಧನೆ ಇಂದಿಗೂ ಮಕ್ಕಳಿಗೆ ನೆರವಾಗುತ್ತಿದೆ. ಹೇಗೆ ಗೊತ್ತೇ? ಕೆಲವೇ ಮಕ್ಕಳಲ್ಲಿ ಬೆಳವಣಿಗೆಯ ಹಾರ್ಮೋನಿನ ಕೊರತೆ ಇರುತ್ತದೆ. ಅಂಥವರಿಗೆ ವೈದ್ಯರು ಆ ಹಾರ್ಮೋನನ್ನೇ ಚುಚ್ಚುಮದ್ದಾಗಿ ಕೊಡುತ್ತಾರೆ. 1985ರಿಂದ ಇದನ್ನು ಬ್ಯಾಕ್ಟೀರಿಯಾಗಳ ಸಹಾಯದಿಂದ ತಯಾರಿಸಲಾಗುತ್ತಿದೆ. ಚಿಕಿತ್ಸೆಯಿಂದ ಮೂಳೆ ಉದ್ದವಾಗುತ್ತದೆ, ಸ್ನಾಯು ಹೆಚ್ಚುತ್ತದೆ, ಕೊಬ್ಬು ಕರಗುತ್ತದೆ. ಆದರೆ ತೂಬು ತುಸು ಮುಚ್ಚುವುದರಿಂದ ದೇಹ ಹೆಚ್ಚು ಇನ್ಸುಲಿನ್ ಸುರಿಸಬೇಕಾಗುತ್ತದೆ. ಬಹುತೇಕ ಮಕ್ಕಳಲ್ಲಿ ಸಕ್ಕರೆ ಹತೋಟಿಯಲ್ಲೇ ಉಳಿಯುತ್ತದೆ. ಆದರೂ ವೈದ್ಯರು ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಹೌಸೇ ಕಲಿಸಿದ ಎಚ್ಚರಿಕೆಯಿದು.

ಒಂದು ಮಾತು ನೆನಪಿಡಿ. ಗಿಡ್ಡಗಿರುವವರಲ್ಲಿ ಹೆಚ್ಚಿನವರಿಗೆ ಈ ಕೊರತೆ ಇರುವುದಿಲ್ಲ. ಅವರಿಗೆ ಈ ಚುಚ್ಚುಮದ್ದು ಬೇಡ. ಎತ್ತರ ಹೆಚ್ಚಿಸುತ್ತೇವೆ ಎನ್ನುವ ಪುಡಿಗಳ ಜಾಹೀರಾತಿಗೂ ಮರುಳಾಗಬೇಡಿ. ಪೌಷ್ಟಿಕ ಆಹಾರ, ಆಟ, ಒಳ್ಳೆಯ ನಿದ್ರೆ ಮುಖ್ಯ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢ ನಿದ್ರೆಯಲ್ಲೇ!

ನೀವೂ ಮಾಡಿ: ಶಾಲೆಯ ಗೋಡೆಗೆ ಬೆನ್ನು ತಾಗಿಸಿ ನಿಂತು, ಆರು ತಿಂಗಳಿಗೊಮ್ಮೆ ಎತ್ತರ ಅಳೆದು ಬರೆದಿಡಿ. ನಿಮ್ಮ ವಯಸ್ಸಿನವರು ಸಾಮಾನ್ಯವಾಗಿ ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯುತ್ತಾರೆ. ಬೆಳವಣಿಗೆ ತೀರಾ ಕಡಿಮೆ ಎನಿಸಿದರೆ ಶಿಕ್ಷಕರಿಗೆ ತಿಳಿಸಿ, ವೈದ್ಯರಿಗೆ ತೋರಿಸಿ. ಸಾಲಿನಲ್ಲಿ ಮೊದಲು ನಿಂತ ಗೆಳೆಯನನ್ನು ಮಾತ್ರ ಎಂದೂ ಅಣಕಿಸಬೇಡಿ.