ಜಿಮ್ ಗ್ರೇ

ಜೇಮ್ಸ್ ನಿಕೊಲಸ್ ಗ್ರೇ (ಜನನ: 12 ಜನವರಿ 1944, ಕಣ್ಮರೆ: 28 ಜನವರಿ 2007) ಅಮೆರಿಕದ ಗಣಕ ವಿಜ್ಞಾನಿ. ಜಿಮ್ ಗ್ರೇ ಎಂದೇ ಪ್ರಸಿದ್ಧರಾದ ಇವರು ಡೇಟಾಬೇಸ್ ವಹಿವಾಟು ಸಂಸ್ಕರಣೆಯ ಸಿದ್ಧಾಂತಕ್ಕೆ ತಳಹದಿ ಹಾಕಿದವರಲ್ಲಿ ಪ್ರಮುಖರು. ಈ ಕ್ಷೇತ್ರದ ಸಾಧನೆಗಾಗಿ ಇವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

ಜನನ ಮತ್ತು ಶಿಕ್ಷಣ

ಗ್ರೇ ಅವರು ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಜನಿಸಿದರು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 1966ರಲ್ಲಿ ಪದವಿಯನ್ನೂ 1969ರಲ್ಲಿ ಗಣಕ ವಿಜ್ಞಾನದ ಡಾಕ್ಟರೇಟನ್ನೂ ಪಡೆದರು.

ವಹಿವಾಟಿನ ಪರಿಕಲ್ಪನೆ

1970ರ ದಶಕದಲ್ಲಿ ಸ್ಯಾನ್ ಹೋಸೆಯ ಐಬಿಎಂ ಸಂಶೋಧನಾಲಯದಲ್ಲಿ ಸಿಸ್ಟಮ್ ಆರ್ ಎಂಬ ಡೇಟಾಬೇಸ್ ಯೋಜನೆಯಲ್ಲಿ ದುಡಿದರು. ಒಂದು ಖಾತೆಯಿಂದ ಹಣ ಕಳೆದು ಮತ್ತೊಂದಕ್ಕೆ ಸೇರಿಸುವ ನಡುವೆ ಯಂತ್ರ ನಿಂತುಹೋದರೆ ಲೆಕ್ಕ ತಪ್ಪುತ್ತದೆ. ಆದುದರಿಂದ ಎರಡೂ ಬದಲಾವಣೆಗಳು ಒಟ್ಟಿಗೆ ನೆರವೇರಬೇಕು, ಇಲ್ಲವೇ ಎರಡೂ ರದ್ದಾಗಬೇಕು. ಇದನ್ನು ಸಾಧಿಸುವ ಬೀಗಗಳು, ದಾಖಲೆ ದಿನಚರಿ ಮತ್ತು ಎರಡು ಹಂತದ ದೃಢೀಕರಣ ಕ್ರಮಗಳನ್ನು ಗ್ರೇ ಮತ್ತು ಸಹೋದ್ಯೋಗಿಗಳು ಲೇಖನಗಳಲ್ಲಿ ವಿವರಿಸಿದರು. ಈ ಗುಣಗಳಿಗೆ ಆಸಿಡ್ ಎಂಬ ಸಂಕ್ಷಿಪ್ತ ಹೆಸರನ್ನು 1983ರಲ್ಲಿ ಥಿಯೊ ಹೆರ್ಡರ್ ಮತ್ತು ಆಂಡ್ರಿಯಾಸ್ ರಾಯ್ಟರ್ ನೀಡಿದರು.

1980ರಲ್ಲಿ ಟ್ಯಾಂಡೆಮ್ ಕಂಪ್ಯೂಟರ್ಸ್ ಸೇರಿದ ಗ್ರೇ, ವಹಿವಾಟಿನ ವೇಗವನ್ನು ಅಳೆಯುವ ಮಾನದಂಡವೊಂದನ್ನು 1985ರಲ್ಲಿ ಹಲವರೊಡನೆ ಅನಾಮಧೇಯವಾಗಿ ಪ್ರಕಟಿಸಿದರು. ರಾಯ್ಟರ್ ಅವರೊಡನೆ ಬರೆದ ವಹಿವಾಟು ಸಂಸ್ಕರಣೆಯ ಬೃಹತ್ ಗ್ರಂಥವು ಈ ವಿಷಯದ ಆಕರಗ್ರಂಥವಾಗಿದೆ.

ಸಂದೇಶ ಸರದಿಗಳು

ಮೈಕ್ರೋಸಾಫ್ಟ್ ಸೇರಿದ 1995ರಲ್ಲೇ, ಸಂದೇಶಗಳ ಸರದಿಯೂ ಒಂದು ಡೇಟಾಬೇಸೇ ಎಂದು ಪ್ರತಿಪಾದಿಸುವ ಕಿರುಲೇಖನವನ್ನು ಗ್ರೇ ಬರೆದರು. ಸರದಿಗೂ ಭದ್ರತೆ, ಚೇತರಿಕೆ ಮತ್ತು ಮೇಲ್ವಿಚಾರಣೆ ಬೇಕು. ಅವು ಡೇಟಾಬೇಸಿನಲ್ಲಿ ಆಗಲೇ ಇರುವುದರಿಂದ ಮತ್ತೆ ಕಟ್ಟುವುದು ವ್ಯರ್ಥ ಎಂಬುದು ಅವರ ವಾದ.

ಇಂದಿನ ಜಾಲ ಅನ್ವಯಗಳಲ್ಲಿ ಈ ಪ್ರಶ್ನೆ ನಿತ್ಯವೂ ಏಳುತ್ತದೆ. ಗ್ರಾಹಕರ ಬೇಡಿಕೆ ದಾಖಲಾಗಿ, ಉಗ್ರಾಣಕ್ಕೆ ಹೋಗಬೇಕಾದ ಸಂದೇಶ ಕಳೆದುಹೋದರೆ ಸರಕು ಹೊರಡುವುದಿಲ್ಲ. ಸಂದೇಶ ಹೋಗಿ ದಾಖಲೆ ರದ್ದಾದರೆ ಇಲ್ಲದ ಬೇಡಿಕೆಗೆ ಸರಕು ಹೊರಡುತ್ತದೆ. ದಾಖಲೆಯನ್ನೂ ಸಂದೇಶವನ್ನೂ ಒಂದೇ ವಹಿವಾಟಿನಲ್ಲಿ ಬರೆದಿಟ್ಟು, ಅದು ದೃಢಪಟ್ಟ ಮೇಲೆಯೇ ಸಂದೇಶವನ್ನು ರವಾನಿಸುವುದು ಇದಕ್ಕೆ ಪರಿಹಾರ. ಸ್ವೀಕರಿಸುವ ಕಡೆಯಲ್ಲಿ ಸಂದೇಶವನ್ನು ಸರದಿಯಿಂದ ತೆಗೆಯುವುದೂ ಅದರ ಕೆಲಸವೂ ಒಂದೇ ವಹಿವಾಟಾದರೆ, ಕೆಲಸ ವಿಫಲವಾದಾಗ ಸಂದೇಶ ಸರದಿಗೆ ಮರಳುತ್ತದೆ. ಈ ಆರಂಭ, ದೃಢೀಕರಣ ಮತ್ತು ರದ್ದತಿಗಳನ್ನು ಈಗ ಹಲವು ಫ್ರೇಮ್‌ವರ್ಕ್‌ಗಳು ತಾವಾಗಿಯೇ ನಿರ್ವಹಿಸುತ್ತವೆ.

ಕಣ್ಮರೆ

2007ರ ಜನವರಿ 28ರಂದು ಗ್ರೇ ತಾಯಿಯ ಚಿತಾಭಸ್ಮವನ್ನು ವಿಸರ್ಜಿಸಲು ಟೆನೇಶಿಯಸ್ ಎಂಬ ಹಾಯಿದೋಣಿಯಲ್ಲಿ ಒಬ್ಬರೇ ಫ್ಯಾರಲಾನ್ ದ್ವೀಪಗಳತ್ತ ಹೊರಟರು, ಮರಳಿ ಬರಲಿಲ್ಲ. ಕರಾವಳಿ ರಕ್ಷಣಾ ಪಡೆ ಹುಡುಕಾಟ ನಡೆಸಿತು. ಸಾವಿರಾರು ಸ್ವಯಂಸೇವಕರು ಅಂತರಜಾಲದ ಮೂಲಕ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿದರು. ದೋಣಿಯ ಕುರುಹೂ ಸಿಗಲಿಲ್ಲ. 2012ರಲ್ಲಿ ನ್ಯಾಯಾಲಯವು ಅವರನ್ನು ಮೃತರೆಂದು ಘೋಷಿಸಿತು.