ತರ್ಕವನ್ನು ಕಟಕಟೆಗೆ ತಂದ ಟೂಲ್ಮಿನ್

ಗಣಿತದಂಥ ಖಚಿತತೆ ಎಲ್ಲ ವಾದಗಳಿಗೂ ಸಲ್ಲದು ಎಂದು ಪ್ರತಿಪಾದಿಸಿದವರು ಇಂಗ್ಲೆಂಡಿನ ತತ್ತ್ವಜ್ಞಾನಿ ಸ್ಟೀಫನ್ ಟೂಲ್ಮಿನ್. 1922ರ ಮಾರ್ಚ್ 25ರಂದು ಲಂಡನ್‌ನಲ್ಲಿ ಜನಿಸಿದ ಅವರು ಕೇಂಬ್ರಿಜ್‌ನಲ್ಲಿ ಗಣಿತ, ಭೌತವಿಜ್ಞಾನ ಓದಿದರು. ಯುದ್ಧಕಾಲದಲ್ಲಿ ರೇಡಾರ್ ಸಂಶೋಧನೆಯಲ್ಲಿ ದುಡಿದು, ಬಳಿಕ ವಿಟ್‌ಗೆನ್‌ಸ್ಟೈನ್ ಪ್ರಭಾವದಲ್ಲಿ ತತ್ತ್ವಶಾಸ್ತ್ರಕ್ಕೆ ಹೊರಳಿದರು.

1958ರ ‘ದಿ ಯೂಸಸ್ ಆಫ್ ಆರ್ಗ್ಯುಮೆಂಟ್’ ಕೃತಿಯಲ್ಲಿ ಅವರು ನ್ಯಾಯಾಲಯದ ವಿಚಾರಣೆಯನ್ನೇ ತರ್ಕಕ್ಕೆ ಮಾದರಿಯಾಗಿಸಿದರು. ಪ್ರತಿಪಾದನೆ, ಆಧಾರ, ಅವೆರಡನ್ನು ಬೆಸೆಯುವ ನಿಯಮ, ನಿಯಮಕ್ಕೆ ಬೆಂಬಲ, ಖಚಿತತೆಯ ಮಟ್ಟ, ಅಪವಾದ ಇವು ವಾದದ ಆರು ಅಂಗಗಳು. ಬರ್ಮುಡಾದಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆ ಎನ್ನಲು ಕಾನೂನಿನ ಬೆಂಬಲ ಬೇಕು. ತಂದೆತಾಯಿ ಇಬ್ಬರೂ ಪರದೇಶಿಯರಾಗಿದ್ದರೆ ಆ ತೀರ್ಮಾನವೇ ಬಿದ್ದುಹೋದೀತು ಎಂಬುದು ಅವರು ನೀಡಿದ ಉದಾಹರಣೆ.

ಸ್ವದೇಶದ ತತ್ತ್ವಜ್ಞರು ಟೀಕಿಸಿದ ಈ ಕೃತಿಯನ್ನು ಅಮೆರಿಕದ ವಾದಕಲೆಯ ಅಧ್ಯಾಪಕರು ಅಪ್ಪಿಕೊಂಡರು. 1970ರ ದಶಕದಲ್ಲಿ, ಮನುಷ್ಯರ ಮೇಲಿನ ಪ್ರಯೋಗಗಳಿಗೆ ನೀತಿ ರೂಪಿಸುತ್ತಿದ್ದ ಅಮೆರಿಕದ ರಾಷ್ಟ್ರೀಯ ಆಯೋಗಕ್ಕೆ ಟೂಲ್ಮಿನ್ ಸಲಹೆಗಾರರಾದರು. ತತ್ತ್ವದಲ್ಲಿ ಭಿನ್ನರಾದ ಸದಸ್ಯರು ನಿರ್ದಿಷ್ಟ ಪ್ರಕರಣಗಳಲ್ಲಿ ಒಮ್ಮತಕ್ಕೆ ಬರುವುದನ್ನು ಅಲ್ಲಿ ಕಂಡರು. ಈ ಅನುಭವವೇ 1988ರಲ್ಲಿ ಆಲ್ಬರ್ಟ್ ಜಾನ್ಸನ್ ಜತೆ ಬರೆದ ಗ್ರಂಥಕ್ಕೆ ತಳಹದಿಯಾಯಿತು.

2009ರ ಡಿಸೆಂಬರ್ 4ರಂದು ಲಾಸ್ ಏಂಜಲೀಸ್‌ನಲ್ಲಿ ಅವರು ನಿಧನರಾದರು. ಆರು ಅಂಗಗಳ ಆ ಮಾದರಿ ಇಂದಿಗೂ ತರಗತಿಗಳಲ್ಲಿ ಪಾಠವಾಗಿ ಉಳಿದಿದೆ.