ಕುಡುಗೋಲು ಕಣ ಗುರುತಿಸಿದ ಜೇಮ್ಸ್ ಹೆರಿಕ್

ಹೃದಯಾಘಾತದ ಕುರಿತ ಇಂದಿನ ತಿಳಿವಳಿಕೆಗೆ ತಳಪಾಯ ಹಾಕಿದ ವೈದ್ಯರಲ್ಲಿ ಅಮೆರಿಕದ ಜೇಮ್ಸ್ ಬ್ರಯನ್ ಹೆರಿಕ್ ಪ್ರಮುಖರು. ಅವರ ಹೆಸರು ಉಳಿಯಲು ಮತ್ತೊಂದು ಕಾರಣವೂ ಇದೆ. ಸಿಕಲ್ ಸೆಲ್ ಅಥವಾ ಕುಡುಗೋಲು ಕಣ ರಕ್ತಹೀನತೆಯನ್ನು ಆಧುನಿಕ ವೈದ್ಯ ಸಾಹಿತ್ಯದಲ್ಲಿ ಮೊದಲು ವಿವರಿಸಿದವರು ಅವರೇ.

ಹೆರಿಕ್ ಜನಿಸಿದ್ದು 1861ರ ಆಗಸ್ಟ್ 11ರಂದು, ಷಿಕಾಗೊ ಸಮೀಪದ ಓಕ್ ಪಾರ್ಕ್‌ನಲ್ಲಿ. ಮಿಷಿಗನ್ ವಿಶ್ವವಿದ್ಯಾಲಯದ ಪದವಿ ಪಡೆದು ಕೆಲ ಕಾಲ ಶಾಲಾ ಶಿಕ್ಷಕರಾಗಿದ್ದರು. 1888ರಲ್ಲಿ ರಷ್ ವೈದ್ಯಕೀಯ ಕಾಲೇಜಿನಿಂದ ವೈದ್ಯ ಪದವಿ ಗಳಿಸಿ, ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾದರು. ವೃತ್ತಿಯಲ್ಲಿ ಹೆಸರು ಮಾಡಿದ ಮೇಲೂ ರಸಾಯನಶಾಸ್ತ್ರ ಕಲಿಯಲು ಮತ್ತೆ ವಿದ್ಯಾರ್ಥಿಯಾದದ್ದು ಅವರ ಜ್ಞಾನದಾಹಕ್ಕೆ ಸಾಕ್ಷಿ.

ಕಾಲಿನ ಕಲೆಗಳು: 1904ರ ಡಿಸೆಂಬರ್‌ನಲ್ಲಿ ಷಿಕಾಗೊದ ಪ್ರೆಸ್ಬಿಟೇರಿಯನ್ ಆಸ್ಪತ್ರೆಗೆ ಇಪ್ಪತ್ತು ವರ್ಷದ ದಂತವೈದ್ಯ ವಿದ್ಯಾರ್ಥಿಯೊಬ್ಬ ಕೆಮ್ಮು, ಜ್ವರದಿಂದ ದಾಖಲಾದ. ಕೆರಿಬಿಯನ್ ಸಮುದ್ರದ ಗ್ರೆನಡಾ ದ್ವೀಪದ ಆ ಯುವಕನೇ ವಾಲ್ಟರ್ ಕ್ಲೆಮೆಂಟ್ ನೋಯೆಲ್. ಅವನ ಕಾಲುಗಳಲ್ಲಿ ಹಿಂದೆ ಹುಣ್ಣಾಗಿ ಮಾಯ್ದ ಕಲೆಗಳಿದ್ದವು. ಅವನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಕಿರಿಯ ವೈದ್ಯ ಅರ್ನೆಸ್ಟ್ ಐರನ್ಸ್ ಅವರಿಗೆ ವಿಚಿತ್ರವಾಗಿ ಉದ್ದನೆ ಬಾಗಿದ ಕೆಂಪು ಕಣಗಳು ಕಂಡವು. ವಿಷಯ ಹಿರಿಯರಾದ ಹೆರಿಕ್ ಗಮನಕ್ಕೆ ಬಂತು.

ಎರಡೂವರೆ ವರ್ಷ ರೋಗಿಯ ಮೇಲೆ ನಿಗಾ ಇಡಲಾಯಿತು. 1910ರ ನವೆಂಬರ್‌ನಲ್ಲಿ ಹೆರಿಕ್ ತಮ್ಮ ವರದಿಯನ್ನು ಪ್ರಕಟಿಸಿದರು. ಕಾಲಿನ ಹುಣ್ಣಿನ ವಿವರವನ್ನೂ ಅವರು ಬಿಡದೆ ದಾಖಲಿಸಿದರು. ರೋಗ ಯಾವುದೆಂದು ಮಾತ್ರ ಅವಸರದ ತೀರ್ಮಾನಕ್ಕೆ ಬರಲಿಲ್ಲ.

ಎರಡು ವರ್ಷಗಳ ನಂತರ, 1912ರಲ್ಲಿ, ಹೃದಯದ ರಕ್ತನಾಳ ಹಠಾತ್ತನೆ ಕಟ್ಟಿಕೊಂಡರೂ ರೋಗಿ ಬದುಕುಳಿಯಬಲ್ಲನೆಂದು ಅವರು ತೋರಿಸಿಕೊಟ್ಟರು. ಆ ಲೇಖನಕ್ಕೆ ಮೊದಲು ಸಿಕ್ಕ ಪ್ರತಿಕ್ರಿಯೆ ನೀರಸ. ಹೆರಿಕ್ ಪಟ್ಟುಬಿಡದೆ ವಿಷಯವನ್ನು ಮುಂದುವರಿಸಿದರು.

ತಡೆದ ಹರಿವು: ಹೃದಯದ ದೊಡ್ಡ ನಾಳದಲ್ಲಿ ಹೆರಿಕ್ ಕಂಡ ತಡೆ, ಕುಡುಗೋಲು ಕಣ ರೋಗದಲ್ಲಿ ಕೂದಲೆಳೆಗಿಂತ ಸಣ್ಣ ನಾಳಗಳಲ್ಲಿ ಉಂಟಾಗುತ್ತದೆ ಎಂಬುದು ಸ್ಪಷ್ಟವಾಗಲು ದಶಕಗಳೇ ಬೇಕಾದವು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ದೋಷದ ಮೂಲ ಹಿಮೋಗ್ಲೋಬಿನ್‌ನಲ್ಲಿದೆ ಎಂದು ಸಾಬೀತುಪಡಿಸಿದರು. ಆಮ್ಲಜನಕ ಕಡಿಮೆಯಾದಾಗ ಈ ಹಿಮೋಗ್ಲೋಬಿನ್ ಸರಳುಗಳಂತೆ ಜೋಡಿಸಿಕೊಂಡು ಕಣವನ್ನು ಬಾಗಿಸುತ್ತದೆ. ಬಿರುಸಾದ ಕಣಗಳು ನಾಳದ ಗೋಡೆಗೆ ಅಂಟಿ ಹರಿವನ್ನು ತಡೆಯುತ್ತವೆ. ಒಡೆದ ಕಣಗಳಿಂದ ಹೊರಬಿದ್ದ ಹಿಮೋಗ್ಲೋಬಿನ್, ನಾಳಗಳನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ಅನ್ನು ಕಬಳಿಸುತ್ತದೆ. ಮೊದಲೇ ರಕ್ತ ಪೂರೈಕೆ ಕಡಿಮೆ ಇರುವ ಕಣಕಾಲಿನ ಸುತ್ತಲ ಚರ್ಮಕ್ಕೆ ಇದರ ಪೆಟ್ಟು ಹೆಚ್ಚು. ಸಣ್ಣ ಗಾಯವೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮಾಯದ ಹುಣ್ಣಾಗುತ್ತದೆ. ಮಾಯ್ದದ್ದು ಮರುಕಳಿಸುವುದೂ ಉಂಟು.

ನೋಯೆಲ್ ದಂತವೈದ್ಯನಾಗಿ ತಾಯ್ನಾಡಿಗೆ ಮರಳಿ, 1916ರಲ್ಲಿ ನ್ಯುಮೋನಿಯಾದಿಂದ 32ನೇ ವಯಸ್ಸಿನಲ್ಲಿ ತೀರಿಕೊಂಡ. ವರದಿಯಲ್ಲಿ ಅವನ ಹೆಸರಿರಲಿಲ್ಲ. ಅವನ ಬದುಕಿನ ಕಥೆಯನ್ನು ಇತಿಹಾಸಕಾರರು 1989ರಲ್ಲಿ ಬೆಳಕಿಗೆ ತಂದರು. ಹೆರಿಕ್ 1954ರ ಮಾರ್ಚ್ 7ರಂದು 92ನೇ ವಯಸ್ಸಿನಲ್ಲಿ ನಿಧನರಾದರು.

ಅವರು ಗುರುತಿಸಿದ ಕಾಯಿಲೆ ದೂರದ್ದೇನಲ್ಲ. ನೀಲಗಿರಿಯ ಬುಡಕಟ್ಟು ಜನರಲ್ಲಿ ಕುಡುಗೋಲು ಕಣ ಇರುವುದು 1952ರಲ್ಲೇ ವರದಿಯಾಗಿತ್ತು. ರಾಜ್ಯದ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಗಿರಿಜನರಲ್ಲೂ ಈ ರೋಗವಿದೆ. 2047ರೊಳಗೆ ಇದನ್ನು ನಿರ್ಮೂಲನೆ ಮಾಡುವ ಗುರಿಯೊಂದಿಗೆ ಕೇಂದ್ರ ಸರ್ಕಾರ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನಕ್ಕೆ ಚಾಲನೆ ನೀಡಿತು. ಹಾಡಿಗಳಲ್ಲಿ ರಕ್ತ ಪರೀಕ್ಷೆಯ ಜತೆಗೆ, ಮಾಯದ ಕಾಲಿನ ಹುಣ್ಣನ್ನೂ ಹೆರಿಕ್‌ರಂತೆ ಗಮನಿಸಿ ಬರೆದಿಡುವ ವೈದ್ಯರು ಇದ್ದರೆ, ಹಲವರ ರೋಗ ಬೇಗನೆ ಪತ್ತೆಯಾದೀತು.